ಹೊಸ ಎಣ್ಣಿ ಹಳತು ಮಾಡುವ ಕ್ರಮ

ಮೊದಲು ಹೊಲ ನೋಡಬೇಡಿ. ಹುಳ ನೋಡಿದರೆ ಮನಸ್ಸು ಗೊಂದಲವಾಗುತ್ತದೆ. ನೇರ ಬನಹಟ್ಟಿ ಪೇಟೆಯ ಗೊಬ್ಬರದಂಗಡಿಗೆ ನಡೆಯಿರಿ. “ಸಾವ್ಕಾರ್ರ, ಹತ್ತಿಗೆ ಹೊಸಾದೇನ್ ಬಂದೈತ್ರಿ?” ಎಂದು ಕೇಳಿರಿ. ಯಾವ ಹುಳಕ್ಕೆ ಎಂದು ಅವರು ತಿರುಗಿ ಕೇಳಿದರೆ ಅಂಗಡಿ ಬದಲಿಸಿರಿ.

ಬೀಜಕ್ಕೆ ಬಣ್ಣ ಹಚ್ಚಿರುವುದನ್ನು ಕಂಡಿದ್ದೀರಿ. ಅದರೊಳಗೆ ಬಹಳ ಸಲ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ, ನಮ್ಮ ಮಾತಿನಲ್ಲಿ ಎಣ್ಣಿ, ಇರುತ್ತದೆ, ಸುಮಾರು ತಿಂಗಳವರೆಗೆ ಹೇನು, ಜಿಗಿಹುಳುಗಳಿಂದ ಸಸಿಯನ್ನು ಕಾಯುತ್ತದೆ. ನಂಬಬೇಡಿ. 20ನೇ ದಿನಕ್ಕೆ ಅದೇ ಇಮಿಡಾಕ್ಲೋಪ್ರಿಡ್ ಹೊಡೆಯಿರಿ. “ಒಂದೇ ಎಣ್ಣಿ ಹೊಡೀಬ್ಯಾಡ್ರಿ, ಬದಲಿ ಮಾಡ್ರಿ” ಎಂದು ರೈತ ಸಂಪರ್ಕ ಕೇಂದ್ರದವರು ಹೇಳಿದರೆ ಮಾತು ಮೀರಬೇಡಿ: ಮುಂದಿನ ಸಲ ಥಯೋಮೆಥಾಕ್ಸಾಮ್, ಆಮೇಲೆ ಅಸಿಟಾಮಿಪ್ರಿಡ್ ತನ್ನಿರಿ. ಡಬ್ಬಿ ಮೂರು, ಕಂಪನಿ ಮೂರು, ಬಿಲ್ಲು ಮೂರು. ಮೂರೂ ನಿಯೋನಿಕೋಟಿನಾಯ್ಡ್ ಎಂಬ ಒಂದೇ ಮನೆತನದವು ಎನ್ನುವುದು ಜಿಗಿಹುಳುವಿಗೆ ಮಾತ್ರ ಗೊತ್ತಿರಲಿ.

ಅಳತೆಗೆ ಬಾಟಲಿಯ ಮುಚ್ಚಳ ಸಾಕು. ಚೀಟಿಯಲ್ಲಿರುವುದು ಮಿಲಿಲೀಟರಿನ ಲೆಕ್ಕ, ಅಷ್ಟು ಕಡಿಮೆ ಹಾಕಿದರೆ ಹುಳಕ್ಕೆ ನಮ್ಮ ಬಗ್ಗೆ ಗೌರವ ಉಳಿಯುವುದಿಲ್ಲ. ನಡುವೆ ಒಮ್ಮೆ ಸೈಪರ್ಮೆಥ್ರಿನ್ ಹೊಡೆಯಿರಿ. ಬೆಳೆಯ ಹುಳ ತಿನ್ನುವ ಗುಲಗಂಜಿ ಹುಳ, ಜೇಡ ಮೊದಲು ಸಾಯುತ್ತವೆ, ಹೊಲ ಸ್ವಚ್ಛವಾಗಿ ಕಾಣುತ್ತದೆ. ಖಾಲಿ ಜಾಗಕ್ಕೆ ಬಿಳಿ ನೊಣ ತಾನೇ ಬರುತ್ತದೆ. 2015ರಲ್ಲಿ ಪಂಜಾಬಿನ ಹತ್ತಿಯನ್ನು ಹಾಳು ಮಾಡಿದ್ದು ಇದೇ ನೊಣ.

ಈಗ ಗುಲಾಬಿ ಕಾಯಿಕೊರಕ. ಇದಕ್ಕೆ ತಾಳ್ಮೆ ಬೇಕು. 2006ರಲ್ಲಿ ಎರಡು ಜೀನಿನ ಬಿಟಿ ಹತ್ತಿ ಬಂದಾಗ ಇನ್ನು ಹುಳದ ಕಥೆ ಮುಗಿಯಿತು ಎಂದರು, ಹತ್ತು ವರ್ಷದೊಳಗೆ ಹುಳ ಅದನ್ನೂ ಅರಗಿಸಿಕೊಂಡಿತು. ಇದರಲ್ಲಿ ರೈತರ ಪಾಲೂ ಇದೆ. ಆಗ 450 ಗ್ರಾಂ ಬಿಟಿ ಬೀಜದ ಜೊತೆ, ಹುಳ ಬಿಟಿಗೆ ಒಗ್ಗದಿರಲೆಂದು ಸುತ್ತಲೂ ಬಿತ್ತಲು, 120 ಗ್ರಾಂ ಬಿಟಿಯಲ್ಲದ ಬೀಜ ಕೊಡುತ್ತಿದ್ದರು. ಅದನ್ನು ಬದುವಿಗೆ ಎಸೆದವರಿಗೆ ನಾವು ಋಣಿಗಳು. ನೀವೂ ಮೋಹಕ ಬಲೆ ಕಟ್ಟಬೇಡಿ. ಕಟ್ಟಿದರೆ ಬಲೆಗೆ ರಾತ್ರಿಗೆ ಎಂಟು ಪತಂಗ, ಸತತ ಮೂರು ರಾತ್ರಿ ಬಿದ್ದ ಮೇಲೆಯೇ ಎಣ್ಣಿ ಎಂದು ಎಣಿಸುತ್ತ ಕೂರಬೇಕಾಗುತ್ತದೆ. ಮರಿ ಕಾಯಿಯೊಳಗೆ ಹೊಕ್ಕು, ಬಾಗಿಲು ಮುಚ್ಚಿಕೊಂಡು, ಬೀಜ ತಿನ್ನತೊಡಗಿದ ಮೇಲೆ ದುಬಾರಿಯಾದ ಕ್ಲೋರಾಂಟ್ರಾನಿಲಿಪ್ರೋಲ್ ತಂದು ಕಾಯಿಯ ಹೊರಮೈ ತೊಳೆಯಿರಿ.

ಹೊಡೆಯುವಾಗ ಗಾಳಿಗೆ ಎದುರಾಗಿ ನಿಲ್ಲಿರಿ, ಮೈ ತಂಪಾಗುತ್ತದೆ. ಮುಖಕ್ಕೆ ಕಟ್ಟಿದ ಟವೆಲ್ಲಿನಿಂದಲೇ ಬೆವರೊರೆಸಿ, ಅದರಲ್ಲೇ ರೊಟ್ಟಿ ಸುತ್ತಿಡಿರಿ. 2017ರಲ್ಲಿ ಯವತ್ಮಾಳದಲ್ಲಿ ಹತ್ತಿಗೆ ಎಣ್ಣಿ ಹೊಡೆಯುತ್ತ ಸುಮಾರು 20 ಮಂದಿ ಸತ್ತರು. ಅದು ಮಹಾರಾಷ್ಟ್ರದ ಸುದ್ದಿ, ಗಡಿ ದಾಟಿ ಇಲ್ಲಿಗೆ ಬರಲು ಬಸ್ಸು ಬೇಕು.

ಡಿಸೆಂಬರಿಗೇ ಹತ್ತಿ ಕೀಳುವ ಆತುರ ಬೇಡ. ನೀರಿದ್ದರೆ ಮಾರ್ಚ್‌ವರೆಗೆ ಹಾಯಿಸಿರಿ, ಹುಳಕ್ಕೂ ಬೇಸಿಗೆ ಕಳೆಯಬೇಕಲ್ಲ. ಕಿತ್ತ ಹತ್ತಿಕಟಗಿಯನ್ನು ಕಾಯಿಸಮೇತ ಹಿತ್ತಲಲ್ಲಿ ಒಟ್ಟಿರಿ. ಮುಂಗಾರಿನವರೆಗೆ ಒಲೆಗೂ ಆಯಿತು, ಮರಿಗಳಿಗೆ ವಸತಿಯೂ ಆಯಿತು.

ಇಷ್ಟಾದ ಮೇಲೂ ಬೆಳೆ ಕೈಗೆ ಬಂದರೆ ಯಾವುದೋ ಹೆಜ್ಜೆ ತಪ್ಪಿದೆ. ಬರದಿದ್ದರೆ ಮುಂದಿನ ವರ್ಷ ನೆರೆಹೊರೆಯವರಂತೆ ಕಬ್ಬು ಹಚ್ಚಿರಿ. ಉಳಿದ ಇಮಿಡಾಕ್ಲೋಪ್ರಿಡ್ ಚೆಲ್ಲಬೇಡಿ, ಗೊಣ್ಣೆಹುಳಕ್ಕೆ ಬೇಕಾಗುತ್ತದೆ.