ಕಣ್ಣಿಲ್ಲದ ಡೇರೆ

(ಸಾಗರದ ಕಡೆಯ ಒಂದು ಮನೆಯಂಗಳ. ಮಳೆ ಹಿಡಿಯುವ ಮುಂಚಿನ ವಾರ. ಮೆಕ್ಸಿಕೋ ಮೂಲದ ಡೇರೆ ಹೂವಿನ ಗೆಡ್ಡೆ ಮಲೆನಾಡಿನಲ್ಲಿ ದುಡ್ಡಿಲ್ಲದೆ ಅಂಗಳದಿಂದ ಅಂಗಳಕ್ಕೆ ನಡೆಯುವ ಕಾಲ. ಲೆಕ್ಕ ಮಾತ್ರ ಎಲ್ಲರ ತಲೆಯಲ್ಲೂ ಇರುತ್ತದೆ.)

ಸಾವಿತ್ರಕ್ಕ: ಹೋದ ವರ್ಷ ನೀ ಕೊಟ್ಟ ಡೇರೆ ಗೆಡ್ಡೆ ಮೊಳಕೆನೇ ಬರ್ಲಿಲ್ಲ ಮಾರಾಯ್ತಿ.

ಗಿರಿಜೆ: ಅಯ್ಯೋ, ನಿಮ್ಮನೆ ಮಣ್ಣು ಸರಿ ಇಲ್ವೇನೋ!

ಸಾವಿತ್ರಕ್ಕ: ಮಣ್ಣಿಗೇನು ಧಾಡಿ? ಗೆಡ್ಡೆಗೇ ಕಣ್ಣಿರ್ಲಿಲ್ಲ. ಹಳೇ ಕಾಂಡದ ಬುಡ ಚೂರಾದ್ರೂ ಅಂಟಿಕೊಂಡಿದ್ರೆ ತಾನೇ ಡೇರೆ ಚಿಗುರೋದು? ನೀ ಬರೀ ಬಾಲ ಮುರಿದು ಕೊಟ್ಟಿದ್ದೆ.

ಗಿರಿಜೆ: ಪ್ರೀತಿಯಿಂದ ಕೊಟ್ಟಿದ್ದೆ ಅಕ್ಕ. ಬಿಳಿ ದಾಸವಾಳ ಅಂತ ನೀವು ಕೊಟ್ಟ ಟೊಂಗೆ ಕೆಂಪು ಹೂ ಬಿಟ್ಟಾಗ ನಾನೇನಾದ್ರೂ ಅಂದ್ನಾ?

ಸಾವಿತ್ರಕ್ಕ: ಊರಿಗೆಲ್ಲ ಅಂದೆ. ನನಗೊಬ್ಬಳಿಗೆ ಅಂದಿಲ್ಲ.

ಗಿರಿಜೆ: (ಮೂಲೆಯತ್ತ ಬಗ್ಗಿ) ಮೊಳಕೆನೇ ಬರ್ಲಿಲ್ಲ ಅಂದ್ರಿ? ಇಲ್ಲಿ ಚಿಗುರಿರೋದು ನಮ್ಮನೆ ಕಡುಗೆಂಪು ಡೇರೆನೇ!

ಸಾವಿತ್ರಕ್ಕ: ಅದು ನೀ ಕೊಟ್ಟಿದ್ದಲ್ಲ. ನೀ ಕಾಫಿ ಮಾಡಕ್ಕೆ ಒಳಗೆ ಹೋಗಿದ್ದಾಗ ನಾನೇ ತಗೊಂಡಿದ್ದು. ಕದ್ದ ಗಿಡ ಚೆನ್ನಾಗಿ ಬದುಕುತ್ತೆ ಅಂತಾರಲ್ಲ.

ಗಿರಿಜೆ: (ಸೆರಗು ಸಿಕ್ಕಿಸಿಕೊಳ್ಳುತ್ತಾ) ಹೌದಾ? ಹಾಗಾದ್ರೆ ಈಗ ನೀವೂ ಒಳಗೆ ಹೋಗಿ ಕಾಫಿ ಮಾಡ್ಕೊಂಡು ಬನ್ನಿ ಅಕ್ಕ. ಅವಸರ ಏನಿಲ್ಲ.