ಬಾಗಿಲಿಗೊಂದು ಬಾಗಿಲು

ನನ್ನ ಭಾವನ ಜಿಪ್ಸಿಯ ಹಿಂಬಾಗಿಲು ಜೋತುಬಿದ್ದದ್ದು ಅವರು ಹೊಸ ಟಯರು ಹಾಕಿಸಿದ ಮೇಲೆ. ಮೊದಲಿದ್ದದ್ದು 205/70ರ ಹದಿನೈದು ಇಂಚಿನ ಸಭ್ಯ ಟಯರು. ಭಾವ ತಂದದ್ದು 235/75ರ ಮಡ್ ಟಯರು. ಎತ್ತರದಲ್ಲೇ ಆರೂವರೆ ಸೆಂಟಿಮೀಟರು ಹೆಚ್ಚು, ತೂಕದ ಮಾತು ಬೇರೆ. ಓಡುವ ನಾಲ್ಕು ಬದಲಾದ ಮೇಲೆ ಕೂತಿರುವ ಐದನೆಯದಕ್ಕೆ ಅನ್ಯಾಯ ಮಾಡಲಾಗುತ್ತದೆಯೇ? ಸ್ಟೆಪ್ನಿಯೂ ದೊಡ್ಡದಾಯಿತು. ಜಿಪ್ಸಿಯಲ್ಲಿ ಸ್ಟೆಪ್ನಿ ನೇತಾಡುವುದು ಹಿಂಬಾಗಿಲ ಮೇಲೆ, ಬಾಗಿಲು ನೇತಾಡುವುದು ಒಂದೇ ಮಗ್ಗುಲಿನ ಕೀಲುಗಳ ಮೇಲೆ, ಕೀಲುಗಳು ನಿಂತಿರುವುದು ಮಲೆನಾಡಿನ ಮಳೆ ಕುಡಿದ ತಗಡಿನ ಮೇಲೆ. ಅಕ್ಕ ಆ ಬಾಗಿಲು ಹಾಕುವುದನ್ನು ನೋಡಬೇಕು. ಸೆರಗು ಸಿಕ್ಕಿಸಿ, ಮೊಣಕಾಲು ಕೊಟ್ಟು ಬಾಗಿಲನ್ನು ಒಂದಿಂಚು ಎತ್ತಿ, ಸೊಂಟದಿಂದ ಒಂದು ಗುದ್ದು. ಒಂದೇ ಗುದ್ದಿಗೆ ಹಾಕಿಕೊಂಡರೆ ಆ ದಿನ ಅಡಿಕೆಗೆ ಒಳ್ಳೆಯ ಧಾರಣೆ ಎಂದು ಮನೆಯಲ್ಲಿ ನಂಬಿಕೆಯೇ ಹುಟ್ಟಿಕೊಂಡಿತ್ತು.

ಹಳೆಯ ಟಯರನ್ನೇ ಸ್ಟೆಪ್ನಿ ಮಾಡಿಕೊಂಡಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು ಎಂದು ನಿಮಗೆ ಅನ್ನಿಸಬಹುದು. ಫೋರ್‌ವೀಲ್ ಡ್ರೈವ್ ಇಟ್ಟುಕೊಂಡವರಿಗೆ ಅನ್ನಿಸುವುದಿಲ್ಲ. ಅವರ ತರ್ಕ ಬೇರೆ. ಬಾಗಿಲಿಗೆ ಚಕ್ರ ಭಾರವಾದರೆ ಚಕ್ರವನ್ನು ಬಾಗಿಲಿನಿಂದ ಬಿಡಿಸಿ ಬೇರೆ ತೋಳಿನ ಮೇಲೆ ಕೂರಿಸಬೇಕು. ಅದಕ್ಕೆ ಟಯರ್ ಕ್ಯಾರಿಯರ್ ಎನ್ನುತ್ತಾರೆ. ಆ ತೋಳಿಗೆ ಗಟ್ಟಿ ಬುಡ ಬೇಕು. ಕಂಪನಿಯ ಬಂಪರು ಆ ಕೆಲಸಕ್ಕೆ ಹುಟ್ಟಿದ್ದಲ್ಲ. ಆದ್ದರಿಂದ ದಪ್ಪ ಉಕ್ಕಿನ ಹೊಸ ಬಂಪರು. ಟಯರಿನಿಂದ ಬಾಗಿಲಿಗೆ, ಬಾಗಿಲಿನಿಂದ ತೋಳಿಗೆ, ತೋಳಿನಿಂದ ಬಂಪರಿಗೆ ಭಾವ ಎಷ್ಟು ಸಲೀಸಾಗಿ ದಾಟಿದರೆಂದರೆ, ಅಡಿಕೆ ಕೊನೆ ಕೊಯ್ಯುವವನು ಮರದಿಂದ ಮರಕ್ಕೆ ಜಿಗಿಯುವುದು ಇದರ ಮುಂದೆ ಏನೂ ಅಲ್ಲ.

ಈ ತಕರಾರು ಭಾವನ ಅಂಗಳದಲ್ಲಿ ಹುಟ್ಟಿದ್ದಲ್ಲ. ಜೀಪಿನಷ್ಟೇ ಹಳೆಯದು. 1941ರಿಂದ ಅಮೆರಿಕದ ಸೈನ್ಯಕ್ಕೆ ತಯಾರಾದ ವಿಲ್ಲೀಸ್ ಜೀಪಿನಲ್ಲಿ ಸ್ಟೆಪ್ನಿ ಹಿಂಭಾಗದಲ್ಲಿತ್ತು, ಪಕ್ಕದಲ್ಲಿ ಪೆಟ್ರೋಲ್ ಡಬ್ಬಿ. ಹಿಂದೆ ಬಾಗಿಲೇ ಇರಲಿಲ್ಲ, ಹಾಗಾಗಿ ಜಗಳವೂ ಇರಲಿಲ್ಲ. ಸೈನಿಕರು ಪಕ್ಕದಿಂದ ಹಾರಿ ಹತ್ತುತ್ತಿದ್ದರು. ಯುದ್ಧ ಮುಗಿದು 1945ರಲ್ಲಿ ಅದೇ ಕಂಪನಿ ರೈತರನ್ನು ಕಣ್ಣಲ್ಲಿಟ್ಟುಕೊಂಡು ಸಿಜೆ-2ಎ ಎಂಬ ಜೀಪು ಮಾಡಿತು. ರೈತ ಹಾರಿ ಹತ್ತುತ್ತಾನೆ, ಆದರೆ ಅವನ ಚೀಲ ಹಾರುವುದಿಲ್ಲ. ಆದ್ದರಿಂದ ಹಿಂದೆ ಬಾಗಿಲು ಬಂತು. ಬಾಗಿಲು ಬಂದ ಕೂಡಲೇ ಸ್ಟೆಪ್ನಿಯನ್ನು ಎತ್ತಿ ಬಲಮಗ್ಗುಲಿಗೆ ಹಾಕಿದರು. ಆಮೇಲೆ ಬಂದ ತಲೆಮಾರಿನವರು ಬಾಗಿಲೂ ಹಿಂದೆಯೇ ಇರಲಿ, ಚಕ್ರವೂ ಹಿಂದೆಯೇ ಇರಲಿ ಎಂದು ಬಾಗಿಲ ಮೇಲೆಯೇ ಚಕ್ರ ಹೇರಿದರು. ಈಗ ಅದನ್ನು ಬಿಡಿಸಲು ಉಕ್ಕಿನ ತೋಳು. ಎಂಬತ್ತು ವರ್ಷ ದಾಟಿದರೂ ಒಂದು ಚಕ್ರ ಎಲ್ಲಿಡಬೇಕೆಂದು ತೀರ್ಮಾನವಾಗದ ಗಾಡಿ ಇದು.

ಬೆಂಗಳೂರಿನಿಂದ ಲಾರಿ ಪಾರ್ಸೆಲ್ಲಿನಲ್ಲಿ ಸಾಮಾನು ಬಂತು. ಎರಡೂ ಸೇರಿ 52 ಕೆ.ಜಿ. ಎಂದು ಚೀಟಿಯಲ್ಲಿತ್ತು. ಮಾರಿದವನು ಫೋನಿನಲ್ಲಿ, "ಸಾರ್, ನೇರವಾಗಿ ಕೂರುತ್ತೆ, ಡ್ರಿಲ್ಲಿಂಗ್ ಬೇಡ, ವೆಲ್ಡಿಂಗ್ ಬೇಡ, ಅರ್ಧ ಗಂಟೆ ಕೆಲಸ" ಎಂದಿದ್ದನಂತೆ. ನಾನು ರಜೆಗೆಂದು ಬಂದವನು ಆ ಅರ್ಧ ಗಂಟೆಗೆ ಸಿಕ್ಕಿಕೊಂಡೆ. ನನ್ನ ಹುದ್ದೆ ಸ್ಪ್ಯಾನರ್ ಕೊಡುವುದು. ಹನ್ನೆರಡು-ಹದಿಮೂರು ಕೇಳಿದಾಗ ಹದಿನಾಲ್ಕು-ಹದಿನೈದು ಕೊಟ್ಟರೆ ಪೇಟೆಯವರ ವಿದ್ಯಾಭ್ಯಾಸದ ಬಗ್ಗೆ ಒಂದು ಮಾತು ಕೇಳಬೇಕು, ಅಷ್ಟೇ.

ಮೇಸ್ತ್ರಿ ಗಾಡಿಯ ಅಡಿಗೆ ಹೋಗಿ ಮಲಗಿದವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಡಿಯಿಂದಲೇ ಕೇಳಿದ.

"ಹೆಗಡೇರೇ, ಇದ್ರಲ್ಲಿ ನಟ್ಟು ಯಾವ್ದು, ಬೋಲ್ಟು ಯಾವ್ದು?"

ಆಗುಂಬೆ, ಹುಲಿಕಲ್ಲುಗಳಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಲೆಕ್ಕದಲ್ಲಿ ಮಳೆ ಸುರಿಯುತ್ತದೆ. ನಮ್ಮ ಕಡೆ ಅಷ್ಟಿಲ್ಲದಿದ್ದರೂ ನಟ್ಟು-ಬೋಲ್ಟುಗಳನ್ನು ಅದ್ವೈತಕ್ಕೆ ಮುಟ್ಟಿಸುವಷ್ಟು ಧಾರಾಳವಾಗಿದೆ. ಸೀಮೆಎಣ್ಣೆ ಬಿಟ್ಟು ಕಾದರು. ಪೈಪು ತೊಡಿಸಿ ಸ್ಪ್ಯಾನರ್ ಉದ್ದ ಮಾಡಿ ಇಬ್ಬರೂ ಜೋತುಬಿದ್ದರು. ಜಿಪ್ಸಿಯೇ ತಿರುಗಿತೇ ಹೊರತು ನಟ್ಟು ತಿರುಗಲಿಲ್ಲ. ಗ್ಯಾಸ್ ಇಟ್ಟು ಕಾಯಿಸಿದರೆ ಕಬ್ಬಿಣ ಹಿಗ್ಗಿ ಹಿಡಿತ ಬಿಡುತ್ತದೆ, ಇದು ನಿಜ. ಆದರೆ ಕೈಯಳತೆಯಲ್ಲೇ ಪೆಟ್ರೋಲ್ ಟ್ಯಾಂಕಿದೆ, ಇದೂ ನಿಜ. ಭಾವ ಗ್ಯಾಸ್ ತರಿಸೋಣ ಎಂದರು. ಮೇಸ್ತ್ರಿ, "ನಂಗೆ ಇನ್ನೂ ಮಕ್ಕಳ ಮದುವೆ ಆಗ್ಬೇಕು ಮಾರಾಯ್ರೆ" ಎಂದು ಹ್ಯಾಕ್ಸಾ ಬ್ಲೇಡು ಕೈಗೆತ್ತಿಕೊಂಡ. ಕೊನೆಯ ಬೋಲ್ಟು ತುಂಡಾದಾಗ ಹಳೇ ಬಂಪರು ನೆಲಕ್ಕೆ ಬಿದ್ದ ಸದ್ದಿಗೆ ಕೊಟ್ಟಿಗೆಯಲ್ಲಿ ದನ ಎದ್ದು ನಿಂತವು.

ಹೊಸ ಬಂಪರನ್ನು ಎತ್ತಿ ಹಿಡಿದಾಗ ಚಾಸಿಯ ತೂತಿಗೂ ಬಂಪರಿನ ತೂತಿಗೂ ಎಡಮಗ್ಗುಲಲ್ಲಿ ಪೂರ್ತಿ ಒಮ್ಮತ, ಬಲಮಗ್ಗುಲಲ್ಲಿ ಅರ್ಧ ಬೆರಳಿನ ಭಿನ್ನಾಭಿಪ್ರಾಯ. ಹಳೇ ಜಿಪ್ಸಿಗಳ ಚಾಸಿ ಹೊಂಡಕ್ಕೆ ಬಿದ್ದೆದ್ದು ಒಂದಿಷ್ಟು ಸೊಟ್ಟಗಾಗಿರುತ್ತದೆ. ಬಂಪರು ಮಾಡಿದವನು ಸೊಟ್ಟಗಾಗದ ಗಾಡಿಯ ಅಳತೆ ತೆಗೆದುಕೊಂಡಿರುತ್ತಾನೆ. ತಪ್ಪು ಯಾರದೂ ಅಲ್ಲ. ಮೇಸ್ತ್ರಿ ದುಂಡು ಅರ ಹಿಡಿದು ತೂತನ್ನು ಉಜ್ಜುತ್ತ ಕೂತ. ಬಂಪರು ಹಿಡಿದುಕೊಂಡು ನಿಂತವನು ನಾನು.

ಆಮೇಲೆ ಅವನು ಮಾಡಿದ ಒಂದು ಕೆಲಸಕ್ಕೆ ನಾನು ಈಗಲೂ ಕೈಮುಗಿಯುತ್ತೇನೆ. ಪೊಟ್ಟಣದಲ್ಲಿ ಬಂದ ಬೋಲ್ಟುಗಳ ತಲೆಯನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಎಲ್ಲವನ್ನೂ ಮೂಲೆಗೆಸೆದ. "ನಂಬರಿಲ್ಲ." ಒಳ್ಳೆಯ ಬೋಲ್ಟಿನ ತಲೆಯ ಮೇಲೆ 8.8 ಎಂದು ಅಚ್ಚು ಇರುತ್ತದೆ. ಮೊದಲ ಎಂಟು ಅದು ತುಂಡಾಗುವ ಮಿತಿ, ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ. ಚುಕ್ಕೆಯ ನಂತರದ ಎಂಟು ಅಂದರೆ ಆ ಮಿತಿಯ ನೂರಕ್ಕೆ ಎಂಬತ್ತು ಭಾಗದವರೆಗೂ ಅದು ಶಾಶ್ವತವಾಗಿ ಹಿಗ್ಗುವುದಿಲ್ಲ. ಮೇಸ್ತ್ರಿಗೆ ಈ ನ್ಯೂಟನ್ ಗೊತ್ತಿಲ್ಲ. ಎಂಟು-ಎಂಟು ಇಲ್ಲದ ಬೋಲ್ಟಿಗೆ ಚಕ್ರ ಕಟ್ಟಿದರೆ ಹಿಂದೆ ಬರುವ ಬೈಕಿನವನ ತಲೆ ಹೋಗುತ್ತದೆ ಎಂಬುದು ಗೊತ್ತು. ಫಳಫಳ ಹೊಳೆಯುವ ಬಂಪರಿನ ಜೊತೆ ಇಂಥ ಅನಾಮಧೇಯ ಬೋಲ್ಟು ಕಳಿಸುವವರನ್ನು ಏನೆನ್ನಬೇಕೋ ತಿಳಿಯದು. ಶಿವಮೊಗ್ಗದಿಂದ ಬೋಲ್ಟು ಬರುವವರೆಗೆ ಕೆಲಸ ನಿಂತಿತು. ಜಿಪ್ಸಿ ಹಿಂಭಾಗವಿಲ್ಲದೆ ಅಂಗಳದಲ್ಲಿ ನಾಚಿಕೊಂಡು ನಿಂತಿತ್ತು.

ತೋಳು ಕೂರಿಸುವುದು ಇನ್ನೂ ನಾಜೂಕು. ಬಂಪರಿನ ತುದಿಯಲ್ಲಿ ಒಂದು ಗಟ್ಟಿ ಗೂಟ, ಅದರ ಮೇಲೆ ಬೇರಿಂಗು, ಬೇರಿಂಗಿಗೆ ಗ್ರೀಸು ತುಂಬುವ ನಿಪ್ಪಲ್ಲು. ಇನ್ನೊಂದು ತುದಿಯಲ್ಲಿ ತೋಳನ್ನು ಬಿಗಿದು ಹಿಡಿಯುವ ಚಿಲಕ. ಚಿಲಕ ಕೂದಲೆಳೆಯಷ್ಟು ಸಡಿಲವಾದರೂ ಕಚ್ಚಾ ರಸ್ತೆಯಲ್ಲಿ ಕಟಕಟ ಸದ್ದು. ಅದಕ್ಕೆ ಮಧ್ಯೆ ರಬ್ಬರ್ ಬೇಕು. ಪೊಟ್ಟಣದಲ್ಲಿ ಬಂದ ರಬ್ಬರ್ ಮೊದಲ ಹೊಡೆತಕ್ಕೇ ಪುಡಿಯಾಯಿತು. ಮೇಸ್ತ್ರಿ ಸುತ್ತ ಕಣ್ಣಾಡಿಸಿ ನನ್ನ ಕಾಲು ನೋಡಿದ. ನನ್ನ ಎಡಗಾಲಿನ ಹವಾಯಿ ಚಪ್ಪಲಿಯ ಹಿಮ್ಮಡಿ ಈಗ ಅಲ್ಲಿದೆ, ಸದ್ದಿಲ್ಲದೆ ಕೆಲಸ ಮಾಡುತ್ತಿದೆ.

ಬಣ್ಣದ ಬಗ್ಗೆ ಭಾವನಿಗೆ ಒಂದೇ ಆಸೆ, ಮಿಲಿಟರಿ ಹಸಿರು. ಅದು ಸೈನ್ಯದ ವಾಹನಗಳಿಗೆ ಮೀಸಲು, ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಬೇರೆಯವರಿಗೆ ಬಿಡುವುದಿಲ್ಲ ಎಂದೆ. "ಬಂಪರಿಗೆ ಮಾತ್ರ ಅಲ್ದನಾ?" ಎಂದರು. ಅಕ್ಕ ಒಳಗಿನಿಂದಲೇ ಕರಿ ಬಣ್ಣ ಎಂದಳು. ಕರಿ ಬಣ್ಣವಾಯಿತು.

ಎಲ್ಲ ಮುಗಿದ ಮೇಲೆ ಅಕ್ಕ ಅಡಿಕೆ ಚೀಲದೊಂದಿಗೆ ಬಂದಳು. ಚಿಲಕ ಬಿಡಿಸಿ, ತೋಳು ಪೂರ್ತಿ ಹೊರಕ್ಕೆ ಸರಿಸಿ, ಅದಕ್ಕೆ ಪಿನ್ನು ಹಾಕಿ, ಆಮೇಲೆ ಬಾಗಿಲ ಹಿಡಿ ತಿರುಗಿಸಬೇಕು. ಚೀಲವನ್ನು ನೆಲಕ್ಕಿಟ್ಟು ಸುಮ್ಮನೆ ನೋಡಿದಳು.

"ಅಲ್ಲ, ಬಾಗಿಲು ಹಾಕೂದು ಕಷ್ಟ ಅಂತ ಇಷ್ಟೆಲ್ಲ ಮಾಡಿದ್ದು. ಈಗ ಬಾಗಿಲಿಗೇ ಒಂದು ಬಾಗಿಲು ಮಾಡಿಟ್ರಲ್ಲ!"

"ಬಾಗಿಲು ಎಷ್ಟು ಹಗುರ ಆಗಿದೆ ನೋಡು, ಒಂದೇ ಬೆರಳಲ್ಲಿ ಹಾಕ್ಬಹುದು" ಎಂದರು ಭಾವ. ಅದೂ ನಿಜವೇ. ಆ ಒಂದು ಬೆರಳು ತಲುಪುವ ಮುಂಚೆ ಎರಡು ಕೈ, ಒಂದು ಹೆಗಲು ಬೇಕು, ಅಷ್ಟೇ.

ಪಿನ್ನಿನ ಮಹತ್ವ ಗೊತ್ತಾದದ್ದು ತೋಟದ ದಾರಿಯಲ್ಲಿ. ಇಂಥ ತೋಳುಗಳನ್ನು ಮಾಡುವವರು ನೆಲ ಸಮತಟ್ಟಾಗಿರುತ್ತದೆಂದು ನಂಬುವವರು. ಮಲೆನಾಡಿನಲ್ಲಿ ಸಮತಟ್ಟಾಗಿರುವುದು ಅಡಿಕೆ ಒಣಗಿಸುವ ಅಂಗಳ ಒಂದೇ. ಇಳಿಜಾರಿನಲ್ಲಿ ಗಾಡಿ ಓರೆಯಾಗಿ ನಿಂತಿತೆಂದರೆ ಚಕ್ರ ಹೊತ್ತ ತೋಳು ತನ್ನಷ್ಟಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಬಗ್ಗಿ ಚೀಲ ಎಳೆಯುತ್ತಿದ್ದವರ ಬೆನ್ನಿಗೆ ಏನಾಯಿತೆಂದು ನಾನು ಹೇಳುವುದಿಲ್ಲ. ನೋವಿನ ಎಣ್ಣೆ ಹಚ್ಚಿದವಳು ಅಕ್ಕ, ನಕ್ಕವರು ಭಾವ.

ಭಾರದ ಲೆಕ್ಕ ಆಮೇಲೆ ಬಂತು. ನಮ್ಮಜ್ಜ ಎತ್ತಿನ ಗಾಡಿ ಹೇರುವಾಗ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಹಿಡಿಯುತ್ತದೆಂದು ಬಯ್ಯುತ್ತಿದ್ದರು. ಜಿಪ್ಸಿಯದೂ ಅದೇ ಧರ್ಮ. ಎರಡು ಆಕ್ಸಲ್ಲುಗಳ ನಡುವೆ 2375 ಮಿಲಿಮೀಟರು. ಹಿಂದಿನ ಆಕ್ಸಲ್ಲಿನಿಂದ ಇನ್ನೂ ಮುಕ್ಕಾಲು ಮೀಟರಿಗೂ ಆಚೆ 52 ಕೆ.ಜಿ. ನೇತುಹಾಕಿದರೆ ಹಿಂಗಾಲಿಗೆ ಬೀಳುವುದು 52 ಅಲ್ಲ, ಹತ್ತಿರಹತ್ತಿರ 70. ಹೆಚ್ಚಿನದನ್ನು ಮುಂಗಾಲಿನಿಂದ ಕಿತ್ತುಕೊಂಡಿರುತ್ತದೆ. ಇಡೀ ಗಾಡಿಯೇ ಒಂದು ಟನ್ನಿನ ಆಸುಪಾಸು, ಅದೂ ಕಮಾನು ಪಟ್ಟಿಗಳ ಮೇಲೆ ಕುಳಿತದ್ದು. ಹಿಂಭಾಗ ಕುಸಿಯಿತು, ಮೂತಿ ಎದ್ದಿತು, ರಾತ್ರಿ ಹೆಡ್‌ಲೈಟು ರಸ್ತೆ ಬಿಟ್ಟು ಮರದಲ್ಲಿನ ಅಡಿಕೆ ಕೊನೆ ಎಣಿಸತೊಡಗಿತು. ಎದುರಿನಿಂದ ಬಂದ ಬಸ್ಸಿನವರು ಬೈದದ್ದು ಭಾವನಿಗೆ ಸ್ಪಷ್ಟವಾಗಿ ಕೇಳಿಸಿತು. ಮೇಸ್ತ್ರಿ ಬಂದು ಹಿಂದಿನ ಕಮಾನಿಗೆ ಇನ್ನೊಂದು ಪಟ್ಟಿ ಸೇರಿಸಿದ. ಈಗ ಹೆಡ್‌ಲೈಟು ರಸ್ತೆ ನೋಡುತ್ತದೆ, ಹಿಂದೆ ಕೂತವರು ಆಕಾಶ ನೋಡುತ್ತಾರೆ.

ಇಷ್ಟಾಗಿ ಹೊಸ ಬಂಪರಿನಿಂದ ಉಪಯೋಗವೇ ಇಲ್ಲವೆಂದರೆ ಸುಳ್ಳಾಗುತ್ತದೆ. ತುದಿಗಳು ಎತ್ತರಕ್ಕೆ ಕತ್ತರಿಸಿದಂತಿರುವುದರಿಂದ ಹಳ್ಳ ದಾಟಿ ದಡ ಹತ್ತುವಾಗ ಹಿಂಭಾಗ ನೆಲಕ್ಕೆ ಉಜ್ಜುವುದಿಲ್ಲ. ಹುಗಿದುಕೊಂಡರೆ ಹಗ್ಗ ಕಟ್ಟಲು ಗಟ್ಟಿ ಕೊಂಡಿ ಇದೆ. ಆದರೆ ನಿಟ್ಟೂರಿನ ಕಡೆಯಿಂದ 1343 ಮೀಟರಿನ ಕೊಡಚಾದ್ರಿಗೆ ಜನ ತುಂಬಿಕೊಂಡು ಏರುವ ಜೀಪುಗಳನ್ನು ನೋಡಿ. ಆ ಕಲ್ಲುಕೊರಕಲಿನಲ್ಲಿ ದಿನವೂ ಓಡಾಡುವ ಡ್ರೈವರುಗಳ ಬಂಡವಾಳ ಎಂದರೆ ಕ್ಲಚ್ಚಿನ ಮೇಲಿನ ಕಾಲು ಮತ್ತು ಬಾಯಲ್ಲಿನ ಕವಳ. ಅವರ ಪಕ್ಕ ಭಾವ ತಮ್ಮ ಅಲಂಕೃತ ಜಿಪ್ಸಿ ನಿಲ್ಲಿಸಿದಾಗ ಒಬ್ಬ ಬಂದು ಸುತ್ತು ಹಾಕಿ ನೋಡಿ, ಬಂಪರಿನ ಮೇಲೆ ಕೂತು ಕವಳ ಹಾಕಿ, "ಕೂರಕ್ಕೆ ಲಾಯ್ಕಿದೆ" ಎಂದು ಹೋದ. ಪರಿಣತರ ಅಭಿಪ್ರಾಯ ಅದೊಂದೇ.

ಕಾನೂನಿನ ಅಭಿಪ್ರಾಯ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ವಿವರಗಳನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಒತ್ತಿ ಹೇಳಿದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕ್ರ್ಯಾಶ್ ಗಾರ್ಡುಗಳನ್ನು ತೆಗೆಸಿ ಎಂದು ರಾಜ್ಯಗಳಿಗೆ ಬರೆದದ್ದೂ ಉಂಟು. ಭಾವ ಇದನ್ನು ಅನ್ಯಾಯವೆನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕಂಪನಿಯ ಬಂಪರು ಗುದ್ದಿದಾಗ ನಜ್ಜುಗುಜ್ಜಾಗಿ ಪೆಟ್ಟಿನ ಒಂದು ಪಾಲನ್ನಾದರೂ ತಾನು ನುಂಗುತ್ತದೆ. ಈ ಉಕ್ಕು ಏನನ್ನೂ ನುಂಗುವುದಿಲ್ಲ, ಒಂದೋ ನಮ್ಮ ಚಾಸಿಗೆ ದಾಟಿಸುತ್ತದೆ, ಇಲ್ಲವೇ ಹಿಂದಿನಿಂದ ಬಂದು ಗುದ್ದಿದವನ ಮೊಣಕಾಲಿಗೆ. ಮೇಲಾಗಿ ತೋಳು ನಂಬರ್ ಪ್ಲೇಟಿನ ಎರಡು ಅಂಕಿಗಳನ್ನು ಮರೆಮಾಡಿತ್ತು. ಪ್ಲೇಟನ್ನು ಆಚೆ ಸರಿಸಿ ದೀಪ ಹಾಕಿಸುವವರೆಗೆ ಜಿಪ್ಸಿ ಪೇಟೆ ಕಡೆ ತಲೆ ಹಾಕಲಿಲ್ಲ.

ಬರುವ ವರ್ಷ ಜಿಪ್ಸಿಗೆ ಹದಿನೈದು ತುಂಬುತ್ತದೆ. ನೋಂದಣಿ ನವೀಕರಣಕ್ಕೆ ಆರ್‌ಟಿಒ ಅಧಿಕಾರಿಗಳ ಮುಂದೆ ನಿಲ್ಲಿಸಬೇಕು, ಅವರು ಸುತ್ತ ತಿರುಗಿ ನೋಡುತ್ತಾರೆ. ಇದನ್ನು ಮೊದಲೇ ಅಂದಾಜಿಸಿದ್ದ ಅಕ್ಕ ಹಳೇ ಬಂಪರನ್ನು ಗುಜರಿಗೆ ಕೊಡದೆ ಕೊಟ್ಟಿಗೆಯ ಅಟ್ಟದಲ್ಲಿ ಎತ್ತಿಟ್ಟಿದ್ದಾಳೆ. ಬಿಚ್ಚುವುದು ಈ ಸಲ ಸುಲಭವಂತೆ, ಎಲ್ಲ ಹೊಸ ಬೋಲ್ಟು, ಅರ್ಧ ಗಂಟೆ ಕೆಲಸವೆಂದು ಮೇಸ್ತ್ರಿಯೇ ಹೇಳಿದ್ದಾನೆ. ನನಗೆ ಈಗಲೇ ರಜೆ ಬರೆದಿಡಲು ಭಾವ ಫೋನು ಮಾಡಿದ್ದರು.