ಮುಖ ನೋಡಿ ಮಣೆ ಹಾಕುವುದು

ನಮ್ಮ ಸೋದರತ್ತೆಗೆ ಗಂಡಿನ ಫೋಟೊ ಒಂದು ಸಿಕ್ಕರೆ ಸಾಕು, ಜಾತಕದ ಗೊಡವೆಯೇ ಬೇಡ. ‘ಕಿವಿ ಚಿಕ್ಕದು, ಜಿಪುಣ, ಹುಬ್ಬು ಕೂಡಿದೆ, ಮುಂಗೋಪಿ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಅವರ ಕೈಗೆ ಸೂಕ್ಷ್ಮದರ್ಶಕ ಸಿಕ್ಕಿದ್ದರೆ ಏನಾಗುತ್ತಿತ್ತೋ! ಬ್ಯಾಕ್ಟೀರಿಯಾಗಳಲ್ಲಿ ಮುಖಗಳು ಬಹಳವಿಲ್ಲ. ಗುಂಡಗಿನವು, ಕಡ್ಡಿಯಂಥವು, ಬಾಗಿದವು, ಸುರುಳಿಯವು. ಅತ್ತೆಗೆ ಅರ್ಧ ದಿನದ ಕೆಲಸ.

ಆದರೆ ಮೊದಲ ಕಡ್ಡಿಗೇ ಎಡವುತ್ತಿದ್ದರು. 1882ರಲ್ಲಿ ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ತೋರಿಸಿದ ಕ್ಷಯದ ರೋಗಾಣು ಒಂದು ಸಣಕಲು ಕಡ್ಡಿ. ಮೊಸರಿನ ಕುಡಿಕೆಯಲ್ಲಿ ಹುಳಿ ಏರಿಸುವ ಲ್ಯಾಕ್ಟೊಬ್ಯಾಸಿಲಸ್ಸೂ ಕಡ್ಡಿಯೇ. ಗುಂಡಗಿದ್ದು ಸಾಲುಗಟ್ಟುವ ಸ್ಟ್ರೆಪ್ಟೊಕಾಕಸ್ ಮನೆತನದಲ್ಲಂತೂ ಒಬ್ಬ ಡೇರಿಯಲ್ಲಿ ಮೊಸರಿಗೆ ಕೈ ಜೋಡಿಸುತ್ತಾನೆ; ಅವನ ದಾಯಾದಿ ಮಕ್ಕಳ ಗಂಟಲು ಕೆಡಿಸಿ, ಔಷಧಿ ತಪ್ಪಿದರೆ ರುಮ್ಯಾಟಿಕ್ ಜ್ವರಕ್ಕೆ ದಾರಿ ಮಾಡಿ, ಹೃದಯದ ಕವಾಟಕ್ಕೇ ಸಂಚಕಾರ ತರಬಲ್ಲ.

ಅಲ್ಪವಿರಾಮದಂತೆ ಬಾಗಿದ ಕಾಲರಾ ವಿಬ್ರಿಯೊ ನನಗೆ ಅಚ್ಚುಮೆಚ್ಚು, ದೂರದಿಂದ. 1854ರಲ್ಲೇ ಫ್ಲಾರೆನ್ಸಿನ ಫಿಲಿಪ್ಪೊ ಪಾಚಿನಿ ಅದನ್ನು ಕಂಡು ಬರೆದಿಟ್ಟಿದ್ದರು. ಹೆಚ್ಚು ಜನ ಕಿವಿಗೊಡಲಿಲ್ಲ. 30 ವರ್ಷದ ಮೇಲೆ ಕಾಕ್ ಕಲ್ಕತ್ತೆಗೆ ಬಂದು ಹುಡುಕಿ, ಕಳ್ಳ ಇವನೇ ಎಂದರು. ಮ್ಯೂನಿಕ್ಕಿನ ಪೆಟೆನ್‌ಕೋಫರ್ ಒಪ್ಪಲಿಲ್ಲ. ಒಪ್ಪದವರು ಪತ್ರಿಕೆಗೊಂದು ಕಾಗದ ಬರೆದು ಸುಮ್ಮನಾಗಬಹುದಿತ್ತು. ಇವರು 1892ರಲ್ಲಿ, 70 ದಾಟಿದ ವಯಸ್ಸಿನಲ್ಲಿ, ಆ ರೋಗಾಣು ಬೆಳೆಸಿದ ದ್ರವವನ್ನೇ ಕುಡಿದರು! ಸ್ವಲ್ಪ ಹೊಟ್ಟೆ ಕೆಟ್ಟಿತು, ಅಷ್ಟೆ. ಗೆದ್ದೆ ಎಂದುಕೊಂಡರು.

ಈ ಕುಡಿಯುವ ಚಾಳಿ ಅಲ್ಲಿಗೇ ನಿಲ್ಲಲಿಲ್ಲ. 1984ರಲ್ಲಿ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಸುರುಳಿಮೈಯ ಹೆಲಿಕೊಬ್ಯಾಕ್ಟರ್ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಪಡೆದರು. ನಾವು ‘ಗ್ಯಾಸ್ಟ್ರಿಕ್’ ಎಂದು ಸಾರಿನ ಹುಳಿಗೂ ಖಾರಕ್ಕೂ ಬೈಯುತ್ತಾ ಬಂದ ಹೊಟ್ಟೆಹುಣ್ಣಿನಲ್ಲಿ ಈ ಸುರುಳಿಮೈಯವನದೇ ದೊಡ್ಡ ಪಾಲು. ಆ ಮೈಯ ತಿರುವು ಜಠರದ ಗಟ್ಟಿ ಲೋಳೆಯನ್ನು ಕೊರೆದು ನುಗ್ಗಲು ಅವನಿಗೆ ನೆರವಾಗುತ್ತದೆ. ಇಲ್ಲಿ ಮಾತ್ರ ಅತ್ತೆಗೆ ಒಂದು ಅಂಕ ಕೊಡಲೇಬೇಕು.

ಕಾಲರಾ ವಿಷಯದಲ್ಲಿ ಕೊಡಲಾರೆ. ಅಲ್ಲಿ ಕರುಳಿನಿಂದ ನೀರು ಸುರಿಸುವುದು ವಿಬ್ರಿಯೊ ಹೊರಬಿಡುವ ವಿಷ. ಕಲ್ಕತ್ತೆಯ ಶಂಭುನಾಥ ಡೇ 1959ರಲ್ಲಿ ಇದನ್ನು ತೋರಿಸಿಕೊಟ್ಟರು. ನೊಬೆಲ್‌ನವರು ಅವರಿಗೆ ಬಹುಮಾನ ಕೊಡಲೇ ಇಲ್ಲ, ನನಗದು ಇಂದಿಗೂ ಹೊಟ್ಟೆಯುರಿ. ಇನ್ನೊಂದು ಸೋಜಿಗ ಹೊರಬಿದ್ದದ್ದು 1996ರಲ್ಲಿ. ಆ ವಿಷದ ಜೀನು ವಿಬ್ರಿಯೊದ ಪಿತ್ರಾರ್ಜಿತವೇ ಅಲ್ಲ. ಬ್ಯಾಕ್ಟೀರಿಯಾಕ್ಕೇ ಅಂಟುವ ಒಂದು ವೈರಸ್ ತಂದುಕೊಟ್ಟದ್ದು. ಅಪ್ಪಟ ಸಹವಾಸ ದೋಷ! ಆ ವೈರಸ್ಸಿನ ಗಾಳಿ ಸೋಕದ ವಿಬ್ರಿಯೊಗಳೂ ಅದೇ ಬಾಗಿದ ಮೈ ಹೊತ್ತು ಅಳಿವೆಯ ಸವಳು ನೀರಿನಲ್ಲಿ ಈಜಿಕೊಂಡಿವೆ, ಊರಿಗೆ ಊರನ್ನೇ ಮಲಗಿಸುವ ಕಾಲರಾ ಅವುಗಳ ಕೈಲಾಗದು.